ಮೊದಲ ರಿವಾಲ್ವರ್ ಆರಿಸುವ ಮುನ್ನ: ಹಗುರವಾದದ್ದೇ ಹೆಣ್ಣಿನ ಕೈಗೆ ಸರಿಯೇ?

ಪ್ರಶ್ನೆ: ನಾನು ಬೈಲಹೊಂಗಲ ತಾಲೂಕಿನವಳು, ವಯಸ್ಸು 36. ಯಜಮಾನರು ತೀರಿಕೊಂಡ ಮೇಲೆ ರಸ್ತೆ ಬದಿಯ ನಮ್ಮ ಪೆಟ್ರೋಲ್ ಬಂಕನ್ನು ನಾನೇ ನಡೆಸುತ್ತಿದ್ದೇನೆ. ರಾತ್ರಿ ಲೆಕ್ಕ ಮುಗಿಸಿ ಹಣದೊಂದಿಗೆ ಕಾರಿನಲ್ಲಿ ಮನೆಗೆ ಬರಬೇಕಾಗುತ್ತದೆ. ಬೈಕಿನವರು ಹಿಂಬಾಲಿಸಿದ್ದರಿಂದ ಠಾಣೆಗೆ ದೂರನ್ನೂ ಕೊಟ್ಟಿದ್ದೇನೆ. ಆತ್ಮರಕ್ಷಣೆಗಾಗಿ ಶಸ್ತ್ರ ಪರವಾನಿಗೆಗೆ ಅರ್ಜಿ ಹಾಕಬೇಕೆಂದಿದ್ದೇನೆ, ಆದರೆ ಇದುವರೆಗೆ ಬಂದೂಕು ಮುಟ್ಟಿದವಳಲ್ಲ. ಅಂಗಡಿಯವರು ಹೆಂಗಸರಿಗೆಂದೇ ಮಾಡಿದ ಹಗುರ ರಿವಾಲ್ವರ್ ತೆಗೆದುಕೊಳ್ಳಿ ಎನ್ನುತ್ತಾರೆ. ನನ್ನ ಮೈದುನ 9 ಎಂ.ಎಂ. ಪಿಸ್ತೂಲಿಗೆ ಹೆಚ್ಚು ಗುಂಡು ಹಿಡಿಯುತ್ತವೆ, ಅದೇ ಇರಲಿ ಎನ್ನುತ್ತಾರೆ. ನನ್ನ ಕೈ ಚಿಕ್ಕದು. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಸ್ಥಿತಿಯಲ್ಲಿರುವವರಿಗೆ ನಾನು ಹೇಳುವುದು .32 ಬೋರಿನ (ಬೋರು ಎಂದರೆ ನಳಿಕೆಯ ಒಳರಂಧ್ರದ ಅಳತೆ), ಸುಮಾರು 700 ಗ್ರಾಂ ತೂಗುವ, ಆರು ಗುಂಡಿನ ರಿವಾಲ್ವರನ್ನು. ಆದರೆ ಅದನ್ನು ಕೈಯಲ್ಲಿ ಹಿಡಿದು, ಟ್ರಿಗರ್ ಎಳೆದು ನೋಡದೆ, ಸಾಧ್ಯವಾದರೆ ಅದೇ ಮಾದರಿಯಲ್ಲಿ ನಾಲ್ಕು ಗುಂಡು ಹಾರಿಸಿ ನೋಡದೆ ಹಣ ಕೊಡಬೇಡಿ. ಅಂಗಡಿಯವರ ಸಲಹೆಯೂ ಮೈದುನರ ಸಲಹೆಯೂ ಒಳ್ಳೆಯ ಮನಸ್ಸಿನಿಂದಲೇ ಬಂದಿರಬಹುದು, ಆದರೆ ಇಬ್ಬರೂ ಆಯುಧವನ್ನು ನೋಡಿ ಮಾತನಾಡಿದ್ದಾರೆಯೇ ಹೊರತು ಅದನ್ನು ಹಿಡಿಯುವ ಕೈಯನ್ನು ನೋಡಿ ಅಲ್ಲ.

ಮೊದಲು 9 ಎಂ.ಎಂ. ವಿಷಯವನ್ನು ಮುಗಿಸಿಬಿಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಸೇನೆ ಮತ್ತು ಪೊಲೀಸರು ಬಳಸುವ ಕೆಲವು ಬೋರುಗಳು ನಿಷೇಧಿತ ವರ್ಗಕ್ಕೆ ಸೇರಿವೆ, 9 ಎಂ.ಎಂ. ಅವುಗಳಲ್ಲೊಂದು. ಜಿಲ್ಲಾಧಿಕಾರಿಗಳು ಸಾಮಾನ್ಯ ನಾಗರಿಕರಿಗೆ ಅದರ ಪರವಾನಿಗೆ ಕೊಡಲು ಬರುವುದಿಲ್ಲ. ಸಿನಿಮಾದಲ್ಲಿ ಕಾಣುವ ಪಿಸ್ತೂಲುಗಳಲ್ಲಿ ಹೆಚ್ಚಿನವು ಈ ಜಾತಿಯವೇ ಆಗಿರುವುದರಿಂದ ಜನ ಅದನ್ನೇ ಕೇಳುತ್ತಾರೆ. ನಮ್ಮ ದೇಶದಲ್ಲಿ ಆತ್ಮರಕ್ಷಣೆಗೆ ಸಿಗುವ ಪಿಸ್ತೂಲು, ರಿವಾಲ್ವರ್‌ಗಳ ಲೋಕ ಬಹಳ ಚಿಕ್ಕದು: ಪ್ರಮುಖವಾಗಿ .32, ಅದರ ಕೆಳಗೆ .22. ವಿದೇಶಿ ಮಾಲಿನ ಆಮದು 1980ರ ದಶಕದಿಂದೀಚೆಗೆ ಸಾಮಾನ್ಯರ ಪಾಲಿಗೆ ಬಹುತೇಕ ಮುಚ್ಚಿಹೋಗಿರುವುದರಿಂದ, ಹಳೆಯ ವಿದೇಶಿ ಪಿಸ್ತೂಲುಗಳು ಕೈಯಿಂದ ಕೈಗೆ ದಾಟುತ್ತ ತಮ್ಮ ಯೋಗ್ಯತೆಗೆ ಮೀರಿದ ಬೆಲೆಗೆ ಮಾರಾಟವಾಗುತ್ತವೆ. ಸವೆದ ಸ್ಪ್ರಿಂಗು, ಸಿಗದ ಬಿಡಿಭಾಗ ಇವನ್ನು ಗುರುತಿಸಲಾರದ ಹೊಸಬರು ಅತ್ತ ಹೋಗದಿರುವುದೇ ಲೇಸು.

ಇನ್ನು ಅಂಗಡಿಯವರು ಹೇಳಿದ ಹಗುರ ರಿವಾಲ್ವರ್. ಅವರು ಬಹುಶಃ ಹೇಳಿದ್ದು ‘ನಿರ್ಭೀಕ್’ ಬಗ್ಗೆ ಇರಬೇಕು. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ 2014ರಲ್ಲಿ ಅದನ್ನು ಹೆಣ್ಣುಮಕ್ಕಳ ರಿವಾಲ್ವರ್ ಎಂದೇ ಹೊರತಂದಿತು. ಟೈಟಾನಿಯಂ ಮಿಶ್ರಲೋಹದ ಮೈ, .32 ಬೋರು, ಸುಮಾರು 500 ಗ್ರಾಂ ತೂಕ, ಆಗಿನ ಬೆಲೆ 1,22,360 ರೂಪಾಯಿ. ಆನಂತರ ಬಂದ ‘ನಿಡರ್’ .22 ಬೋರಿನದು, ತೂಕ ಕೇವಲ 250 ಗ್ರಾಂ. ಹಗುರವಾದದ್ದೇ ಹೆಣ್ಣಿನ ಕೈಗೆ ಒಗ್ಗುವುದೆಂಬ ನಂಬಿಕೆಯ ಮೇಲೆ ಇವು ನಿಂತಿವೆ. ಹೊತ್ತು ತಿರುಗುವವರಿಗೆ ಈ ನಂಬಿಕೆ ನಿಜ, ಗುಂಡು ಹಾರಿಸುವವರಿಗೆ ಮಾತ್ರ ಇದು ಉಲ್ಟಾ.

ಕಾರಣ ಸರಳವಾದದ್ದು. ಗುಂಡು ಮುಂದಕ್ಕೆ ಹೋಗುವಾಗ ಅಷ್ಟೇ ಆವೇಗದಿಂದ ಆಯುಧ ಹಿಂದಕ್ಕೆ ಒದೆಯುತ್ತದೆ. ಗುಂಡು ಅದೇ, ಮದ್ದು ಅದೇ ಆಗಿದ್ದಾಗ ಆಯುಧದ ತೂಕ ಕಡಿಮೆಯಾದಷ್ಟೂ ಆ ಒದೆತದ ಶಕ್ತಿ ಹೆಚ್ಚುತ್ತದೆ. 700 ಗ್ರಾಮಿನ ರಿವಾಲ್ವರಿಗೆ ಹೋಲಿಸಿದರೆ 500 ಗ್ರಾಮಿನದು ಸುಮಾರು 1.4 ಪಟ್ಟು ಹೆಚ್ಚು ಶಕ್ತಿಯಿಂದ ಅಂಗೈಯನ್ನು ಗುದ್ದುತ್ತದೆ. .32 ಸ್ವಭಾವತಃ ಸೌಮ್ಯವಾದ ಗುಂಡು, ಇದರಿಂದ ಯಾರ ಮಣಿಕಟ್ಟೂ ಮುರಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಹೊಸಬರಿಗೆ ನೋವಿಗಿಂತ ದೊಡ್ಡ ವೈರಿ ಬೆಚ್ಚುವಿಕೆ. ಮೊದಲ ಒಂದೆರಡು ಗುಂಡುಗಳಲ್ಲಿ ಕೈಗೆ ಗುದ್ದು, ಕಿವಿಗೆ ಸದ್ದು, ಕಣ್ಣಿಗೆ ಬೆಂಕಿಯ ಕಿಡಿ ಮೂರೂ ಒಟ್ಟಿಗೆ ಬಡಿದರೆ, ಆಮೇಲಿನ ಪ್ರತಿ ಗುಂಡಿಗೂ ಮನಸ್ಸು ಮುಂಚಿತವಾಗಿಯೇ ಅಳುಕುತ್ತದೆ, ಕಣ್ಣು ಮುಚ್ಚುತ್ತದೆ, ನಳಿಕೆ ಕೆಳಗೆ ಬಾಗುತ್ತದೆ, ಗುಂಡು ನೆಲಕ್ಕೆ ಹೋಗುತ್ತದೆ. ಒಮ್ಮೆ ಅಂಟಿದ ಈ ಅಭ್ಯಾಸವನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಆದ್ದರಿಂದ ಕಲಿಯುವ ಕೈಗೆ ತುಸು ತೂಕವಿರುವ ಆಯುಧವೇ ಹಿತ. ನಳಿಕೆಯ ಉದ್ದದ ಮಾತೂ ಹೀಗೆಯೇ: ಹಿಂದಿನ ಗುರಿಗಚ್ಚಿಗೂ ಮುಂದಿನ ಗುರಿಮೊನೆಗೂ ನಡುವೆ ಅಂತರ ಕಡಿಮೆಯಾದಷ್ಟೂ ಗುರಿಯ ಚಿಕ್ಕ ತಪ್ಪು ಗೋಡೆಯ ಮೇಲೆ ದೊಡ್ಡದಾಗಿ ಕಾಣುತ್ತದೆ.

.22ರ ಬಗ್ಗೆ ಎರಡು ಮಾತು ಸಾಕು. ಕಲಿಯಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಏಕೆಂದರೆ ಒದೆತವಿಲ್ಲ, ಸದ್ದು ಕಡಿಮೆ, ತೋಟೆಯೂ ಅಗ್ಗ. ಆದರೆ ಆ ತೋಟೆಯಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನ ಸುತ್ತ ಹರಡಿರುವುದರಿಂದ, ತಳದ ನಡುವೆ ಆ ಮದ್ದಿನ ಟೋಪಿ ಇರುವ .32 ತೋಟೆಗಿಂತ ಹುಸಿಯಾಗುವ ಸಂಭವ ಹೆಚ್ಚು, ಎದುರಾಳಿಯನ್ನು ತಡೆಯುವ ಬಲವೂ ಕಡಿಮೆ. ಜೀವ ಉಳಿಸಿಕೊಳ್ಳಲು ಇಟ್ಟುಕೊಳ್ಳುವ ಒಂದೇ ಒಂದು ಆಯುಧ ಅದಾಗಬಾರದು.

ಹಾಗಾದರೆ .32ರಲ್ಲಿ ರಿವಾಲ್ವರೇ ಏಕೆ, ಪಿಸ್ತೂಲು ಏಕಲ್ಲ? ನಮ್ಮಲ್ಲಿ ಸಿಗುವ .32 ಪಿಸ್ತೂಲುಗಳು, ಉದಾಹರಣೆಗೆ ಸರ್ಕಾರಿ ಕಾರ್ಖಾನೆಯ ‘ಅಶನಿ’, ಚಪ್ಪಟೆಯಾಗಿರುವುದರಿಂದ ಉಡುಪಿನೊಳಗೆ ಸುಲಭವಾಗಿ ಅಡಗುತ್ತವೆ, ತೋಟೆ ತುಂಬಿದ ಮ್ಯಾಗಜಿನ್ ಬದಲಾಯಿಸುವುದೂ ಬೇಗ. ಆದರೆ ಈ ಜಾತಿಯ ಪಿಸ್ತೂಲಿನಲ್ಲಿ ಗುಂಡು ಹಾರುವ ಕ್ಷಣಕ್ಕೆ ಸ್ಲೈಡನ್ನು, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗವನ್ನು, ಬೀಗ ಹಾಕಿದಂತೆ ಹಿಡಿದಿಡುವ ವ್ಯವಸ್ಥೆ ಇಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಇವೆರಡೇ ಅದನ್ನು ತಡೆಯುತ್ತವೆ. ಹಾಗಾಗಿ ಸ್ಪ್ರಿಂಗು ಬಿಗಿಯಾಗಿರಲೇಬೇಕು, ಆ ಬಿಗಿಯನ್ನು ಪ್ರತಿ ಬಾರಿ ಸ್ಲೈಡ್ ಎಳೆಯುವಾಗ ನಿಮ್ಮ ಬೆರಳುಗಳು ತೆರಬೇಕು. ಹೆಚ್ಚಿನ ಹೆಂಗಸರು ಪಿಸ್ತೂಲನ್ನು ಕೈಚಾಚಿ ಹಿಡಿದು, ಸ್ಲೈಡಿನ ತುದಿಯನ್ನು ಹೆಬ್ಬೆರಳು ತೋರುಬೆರಳುಗಳಲ್ಲಿ ಚಿವುಟಿ ಎಳೆಯಲು ಹೋಗಿ ಸೋಲುತ್ತಾರೆ. ಕೈಯನ್ನು ಎದೆಯ ಸಮೀಪಕ್ಕೆ ತಂದು, ನಳಿಕೆಯ ದಿಕ್ಕನ್ನು ಗುರಿಯ ಕಡೆಗೇ ಇಟ್ಟು, ನಾಲ್ಕೂ ಬೆರಳು ಮತ್ತು ಅಂಗೈಯಿಂದ ಸ್ಲೈಡನ್ನು ಮೇಲಿನಿಂದ ಅದುಮಿ ಹಿಡಿದು, ಎಡಗೈ ಎಳೆಯುವ ಬದಲು ಬಲಗೈಯಿಂದ ಹಿಡಿಕೆಯನ್ನು ಮುಂದಕ್ಕೆ ದೂಡಿದರೆ, ಅದೇ ಹೆಂಗಸರು ಅದೇ ಸ್ಲೈಡನ್ನು ಸಲೀಸಾಗಿ ಹಿಂದಕ್ಕೆ ತರುತ್ತಾರೆ. ಬಲದ ಕೊರತೆ ಎಂದು ನಾವು ಬಗೆಯುವುದು ಎಷ್ಟೋ ಸಲ ಹಿಡಿತದ ತಪ್ಪಷ್ಟೇ.

ಆದರೂ ಮೊದಲ ಆಯುಧವಾಗಿ ರಿವಾಲ್ವರಿನ ಕಡೆಗೇ ನನ್ನ ಒಲವು. ಒಂದು ತೋಟೆ ಹುಸಿಯಾದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಸಾಕು, ತೋಟೆಗಳಿರುವ ಸಿಲಿಂಡರ್ ತಿರುಗಿ ಮುಂದಿನ ತೋಟೆ ಬರುತ್ತದೆ. ಪಿಸ್ತೂಲಿನಲ್ಲಾದರೆ ಸ್ಲೈಡ್ ಎಳೆದು ಹುಸಿ ತೋಟೆಯನ್ನು ಹೊರಹಾಕಬೇಕು, ಸಿಕ್ಕಿಕೊಂಡಿದ್ದರೆ ಬಿಡಿಸಬೇಕು. ಕೈ ನಡುಗುವ ಹೊತ್ತಿನಲ್ಲಿ, ಕತ್ತಲಲ್ಲಿ, ಕಾರಿನ ಸೀಟಿನಲ್ಲಿ ಕುಳಿತು ಇದನ್ನು ಮಾಡಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಮಗ್ಗುಲಿನ ಸೇಫ್ಟಿ ಗುಂಡಿಯನ್ನು ಸರಿಸಲು ಮರೆಯುವ ಭಯವೂ ರಿವಾಲ್ವರಿನಲ್ಲಿ ಇಲ್ಲ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಮುಖ್ಯವಾದ ಒಂದು ಸಂಗತಿ ಇದೆ. ರಿವಾಲ್ವರನ್ನು ತೆರೆದರೆ ತುಂಬಿದೆಯೋ ಖಾಲಿಯೋ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಪಿಸ್ತೂಲಿನ ಮ್ಯಾಗಜಿನ್ ತೆಗೆದ ಮೇಲೂ ನಳಿಕೆಯ ಕೋಣೆಯಲ್ಲಿ ಒಂದು ತೋಟೆ ಉಳಿದಿರಬಹುದು. ‘ಖಾಲಿ ಇತ್ತು’ ಎಂದುಕೊಂಡ ಪಿಸ್ತೂಲಿನಿಂದ ಗುಂಡು ಸಿಡಿದು ಮನೆಯವರೇ ಸತ್ತ ಸುದ್ದಿಗಳ ಹಿಂದೆ ಇರುವುದು ಬಹಳ ಸಲ ಈ ಒಂದು ತೋಟೆ.

ರಿವಾಲ್ವರಿನ ದೋಷವನ್ನೂ ಬಚ್ಚಿಡಬಾರದು. ಅದರ ಟ್ರಿಗರ್ ಭಾರ. ತೋಟೆಯನ್ನು ಸಿಡಿಸಲು ಬಡಿಯುವ ಹ್ಯಾಮರನ್ನು ಮೊದಲೇ ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದಿಟ್ಟರೆ ಟ್ರಿಗರ್ ಹಗುರಾಗುತ್ತದೆ, ಹಾಗೆ ಮಾಡದೆ ನೇರವಾಗಿ ಎಳೆದರೆ ಬೆರಳೇ ಹ್ಯಾಮರನ್ನೂ ಎತ್ತಬೇಕು, ಸಿಲಿಂಡರನ್ನೂ ತಿರುಗಿಸಬೇಕು. ಆಪತ್ತಿನ ವೇಳೆ ಬಳಕೆಗೆ ಬರುವುದು ಈ ಎರಡನೆಯ, ಭಾರವಾದ ಎಳೆತವೇ ಆದ್ದರಿಂದ ಪರೀಕ್ಷೆಯನ್ನೂ ಅದರಲ್ಲೇ ಮಾಡಿ. ಹ್ಯಾಮರ್ ಎತ್ತಿಟ್ಟ ರಿವಾಲ್ವರನ್ನು ನಡುಗುವ ಕೈಯಲ್ಲಿ ಹಿಡಿಯುವುದು ಅಪಾಯ, ಬೆರಳು ಸೋಕಿದರೂ ಗುಂಡು ಹೊರಟೀತು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಇದು. ಆಯುಧವನ್ನು ನಿಮ್ಮ ಕಣ್ಣೆದುರೇ ತೆರೆದು ಖಾಲಿ ಮಾಡಿಸಿ, ನೀವೂ ಪ್ರತಿ ಕೋಣೆಯನ್ನು ನೋಡಿ ಖಾತ್ರಿ ಮಾಡಿಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಹಿಡಿಕೆಯ ಹಿಂಬದಿಗೆ ಒತ್ತಿ ಕೂತು, ಮುಂಗೈ ಮೂಳೆ ಮತ್ತು ನಳಿಕೆ ಒಂದೇ ಗೆರೆಯಲ್ಲಿರುವಂತೆ ಹಿಡಿಯಿರಿ. ಈಗ ಕೈಯನ್ನು ಹೊರಳಿಸದೆ ತೋರುಬೆರಳು ಟ್ರಿಗರಿಗೆ ಮುಟ್ಟಬೇಕು, ಅದೂ ಬೆರಳಿನ ತುದಿಯಲ್ಲ, ಮೊದಲ ಗೆಣ್ಣಿನ ಹತ್ತಿರದ ಭಾಗ. ಮುಟ್ಟಲು ನೀವು ಹಿಡಿತವನ್ನು ಪಕ್ಕಕ್ಕೆ ತಿರುಗಿಸಬೇಕಾಗಿ ಬಂದರೆ, ಒದೆತ ಅಂಗೈಗೆ ಬದಲು ಹೆಬ್ಬೆರಳಿನ ಕೀಲಿಗೆ ಬೀಳುತ್ತದೆ. ಆಗ ಆ ಆಯುಧ, ಅದು ಎಷ್ಟೇ ಹೆಸರುವಾಸಿಯಾಗಿರಲಿ, ನಿಮ್ಮದಲ್ಲ. ಹಿಡಿಕೆಯ ಪಟ್ಟಿಗಳನ್ನು ತೆಳುವಾದವಕ್ಕೆ ಬದಲಾಯಿಸಿದರೆ ಹೊಂದುತ್ತದೆಯೇ ಎಂದು ಕೇಳಿ ನೋಡಬಹುದು. ಚಿಕ್ಕ ಕೈಯವರಿಗೆ ತೂಕಕ್ಕಿಂತ ಹೆಚ್ಚಾಗಿ ಅಡ್ಡಿಯಾಗುವುದು ಈ ಅಳತೆಯೇ.

ಅಳತೆ ಸರಿಹೋದರೆ, ಮದ್ದಿಲ್ಲದ ಡಮ್ಮಿ ತೋಟೆ ತುಂಬಿಸಿಕೊಂಡು, ಗೋಡೆಯ ಕಡೆ ಎರಡೂ ಕೈಯಲ್ಲಿ ಹಿಡಿದು, ಆರೂ ಸಲ ನಿಧಾನವಾಗಿ ಭಾರದ ಎಳೆತದಲ್ಲೇ ಟ್ರಿಗರ್ ಎಳೆಯಿರಿ. ಮುಂದಿನ ಗುರಿಮೊನೆಯ ಹಿಂದೆ, ನಳಿಕೆಯ ಮೇಲಿನ ಪಟ್ಟಿಯ ಮೇಲೆ ಅಂಗಡಿಯವರಿಂದ ಒಂದು ರೂಪಾಯಿ ನಾಣ್ಯ ಇಡಿಸಿಕೊಳ್ಳಿ. ಎಳೆತ ನಯವಾಗಿದ್ದರೆ ಹ್ಯಾಮರ್ ಬಿದ್ದ ಮೇಲೂ ನಾಣ್ಯ ಅಲ್ಲೇ ಇರುತ್ತದೆ. ಮೊದಲ ಸಲವೇ ಅದು ನಿಲ್ಲಬೇಕೆಂದಿಲ್ಲ, ಬಹುತೇಕ ಎಲ್ಲರಿಗೂ ಬೀಳುತ್ತದೆ. ಆರನೆಯ ಎಳೆತಕ್ಕೆ ಬೆರಳು ಸೋತು, ಎರಡನೆಯ ಬೆರಳಿನ ನೆರವು ಬೇಕೆನಿಸುವುದೋ ಇಲ್ಲವೋ ಎಂಬುದನ್ನು ಮಾತ್ರ ಗಮನಿಸಿ. ಬೇಕೆನಿಸಿದರೆ ಬೇರೆ ಮಾದರಿ ನೋಡಿ, ಇಲ್ಲವೇ ಮೆದು ರಬ್ಬರ್ ಚೆಂಡು ಹಿಚುಕುವ ಅಭ್ಯಾಸವನ್ನು ಒಂದೆರಡು ತಿಂಗಳು ಮಾಡಿ ಮತ್ತೆ ಬನ್ನಿ. ಪರವಾನಿಗೆ ಕೈಗೆ ಬರುವಷ್ಟರಲ್ಲಿ ಹೇಗೂ ಅಷ್ಟು ಕಾಲ ಕಳೆದಿರುತ್ತದೆ.

ತೆರೆಯುವ ವಿಧಾನದಲ್ಲೂ ವ್ಯತ್ಯಾಸವಿದೆ. ಸರ್ಕಾರಿ ಕಾರ್ಖಾನೆಯ ಹಳೆಯ ಮಾದರಿಯ .32 ರಿವಾಲ್ವರುಗಳು ಬ್ರಿಟಿಷರ ವೆಬ್ಲಿ ಮಾದರಿಯಿಂದ ಬಂದವು: ಮೇಲಿನ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಕೆ ಮುಂದಕ್ಕೆ ಬಾಗಿ, ಖಾಲಿ ತೋಟೆಗಳೆಲ್ಲ ಒಟ್ಟಿಗೆ ಮೇಲೆದ್ದು ಬರುತ್ತವೆ. ನಿರ್ಭೀಕ್ ಕೂಡ ಇದೇ ಬಗೆಯದು. ಕಾನ್ಪುರದ ಸರ್ಕಾರಿ ಶಸ್ತ್ರ ಕಂಪನಿ ಎಡಬ್ಲ್ಯುಇಐಎಲ್ 2023ರಲ್ಲಿ ತಂದ ‘ಪ್ರಬಲ್’ ರಿವಾಲ್ವರಿನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಅದರ ತೂಕ ಸುಮಾರು 700 ಗ್ರಾಂ, ನಳಿಕೆ 76 ಮಿ.ಮೀ. ಅದರ ಗುಂಡು 50 ಮೀಟರ್ ಮುಟ್ಟುತ್ತದೆಂಬ ಪ್ರಚಾರಕ್ಕೆ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆತ್ಮರಕ್ಷಣೆಯ ಗುಂಡು ಮೂರರಿಂದ ಏಳು ಮೀಟರಿನೊಳಗಿನ ಮಾತು, 50 ಮೀಟರ್ ದೂರದಲ್ಲಿರುವವನಿಂದ ನೀವು ಕಾರು ಓಡಿಸಿಕೊಂಡು ಪಾರಾಗಬಹುದು, ಆಗಬೇಕು ಕೂಡ. ಉತ್ತರ ಪ್ರದೇಶದ ಸಂಡಿಲಾದಲ್ಲಿ ವೆಬ್ಲಿ ಹೆಸರಿನಲ್ಲೇ ತಯಾರಾಗುವ .32 ರಿವಾಲ್ವರನ್ನೂ ನೋಡಬಹುದು. ಇವುಗಳಲ್ಲಿ ಯಾವುದು ಉತ್ತಮ ಎಂದು ಕಾಗದದ ಮೇಲೆ ಜಗಳವಾಡುವುದಕ್ಕಿಂತ, ಚಿಲಕ ಅಥವಾ ಗುಂಡಿ ಯಾವುದರಲ್ಲಿ ನಿಮ್ಮ ಹೆಬ್ಬೆರಳಿಗೆ ಸಲೀಸಾಗಿ ಸಿಗುತ್ತದೋ ಅದನ್ನು ಆರಿಸಿ. ಹಳೆಯದನ್ನೇ ಕೊಳ್ಳುವುದಾದರೆ ಒಂದು ಎಚ್ಚರಿಕೆ: ಬಿದ್ದಾಗ ಹ್ಯಾಮರನ್ನು ತಡೆಯುವ ಪಟ್ಟಿ ಇಲ್ಲದ ಹಳೆಯ ರಿವಾಲ್ವರುಗಳಲ್ಲಿ ಹ್ಯಾಮರಿನ ಕೆಳಗಿನ ಕೋಣೆಯನ್ನು ಖಾಲಿ ಬಿಟ್ಟು ಐದೇ ತೋಟೆ ತುಂಬುವುದು ವಾಡಿಕೆ.

ಪರವಾನಿಗೆಯ ವಿಷಯ. ನೀವು ಬೈಲಹೊಂಗಲ ತಾಲೂಕಿನವರಾದ್ದರಿಂದ ನಮೂನೆ ಎ-1ರಲ್ಲಿ ಅರ್ಜಿ ಬೆಳಗಾವಿ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ, ಪೊಲೀಸ್ ವರದಿ ನಿಮ್ಮ ಠಾಣೆಯಿಂದ ಬರುತ್ತದೆ. 21 ವರ್ಷ ತುಂಬಿರಬೇಕು, ವೈದ್ಯಕೀಯ ಪ್ರಮಾಣಪತ್ರ ಬೇಕು, ಆಯುಧವನ್ನು ಸುರಕ್ಷಿತವಾಗಿ ಇಡುವ ಮುಚ್ಚಳಿಕೆ ಬೇಕು. ಪಿಸ್ತೂಲು, ರಿವಾಲ್ವರಿಗೆ ಪರವಾನಿಗೆ ಹಕ್ಕಿನಿಂದ ಸಿಗುವುದಲ್ಲ, ಸಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಬಂಕಿನ ದಾಖಲೆ, ಬ್ಯಾಂಕಿಗೆ ಹಣ ತುಂಬಿದ ಲೆಕ್ಕ, ಹಿಂಬಾಲಿಸಿದವರ ಬಗ್ಗೆ ನೀವು ಕೊಟ್ಟ ದೂರಿನ ಪ್ರತಿ ಇವನ್ನೆಲ್ಲ ಲಗತ್ತಿಸಿ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಬಹುದು, ಮೇಲ್ಮನವಿಗೂ ಅವಕಾಶವಿದೆ. 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯ ನಯನಳಿಕೆ ಬಂದೂಕಿಗೆ, ಅಂದರೆ ನಮ್ಮ ಕಡೆ ಹೊಲ ಕಾಯಲು ಇಟ್ಟುಕೊಳ್ಳುವ ಜೋಡುನಳಿಕೆಯಂಥದ್ದಕ್ಕೆ, ಕಾಯ್ದೆ ಹೆಚ್ಚು ಉದಾರವಾಗಿದೆ. ಮನೆಯ ರಕ್ಷಣೆ ಮಾತ್ರ ನಿಮ್ಮ ಚಿಂತೆಯಾಗಿದ್ದರೆ ನಾನು ಅದನ್ನೇ ಸೂಚಿಸುತ್ತಿದ್ದೆ. ಕಾರಿನಲ್ಲಿ ಒಯ್ಯುವುದು ನಿಮ್ಮ ಅಗತ್ಯವಾದ್ದರಿಂದ ರಿವಾಲ್ವರಿನ ಮಾತು ಬಂದಿದೆ. 2019ರ ತಿದ್ದುಪಡಿಯ ನಂತರ ಪರವಾನಿಗೆಯ ಅವಧಿ 5 ವರ್ಷ, ಒಬ್ಬರು ಹೊಂದಬಹುದಾದ ಬಂದೂಕುಗಳು ಎರಡು.

ಒಂದು ಸಂಗತಿಯನ್ನು ಗಡಿಭಾಗದ ನಮ್ಮ ಜನ ಸುಲಭವಾಗಿ ಮರೆಯುತ್ತಾರೆ. ಪರವಾನಿಗೆಯಲ್ಲಿ ಅದು ಎಲ್ಲಿಯವರೆಗೆ ಸಿಂಧು ಎಂದು ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ, ನಿಪ್ಪಾಣಿ ದಾಟಿ ಕೊಲ್ಹಾಪುರದ ಮಹಾಲಕ್ಷ್ಮಿ ದರ್ಶನಕ್ಕೆ ಹೋಗುವಾಗ, ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ ಇಳಿಯುವಾಗ, ವಿಜಯಪುರದ ಕಡೆಯ ಬೀಗರ ಜೊತೆ ಸೊಲ್ಲಾಪುರಕ್ಕೆ ಹೋಗುವಾಗ ರಿವಾಲ್ವರ್ ಪರ್ಸಿನಲ್ಲಿದ್ದರೆ ಅದು ಅಪರಾಧ. ಚುನಾವಣೆ ಘೋಷಣೆಯಾದಾಗ ಆಯುಧವನ್ನು ಠಾಣೆಯಲ್ಲಿ ಇಡುವಂತೆ ಆದೇಶ ಬರುವುದುಂಟು. ವಿನಾಯಿತಿ ಬೇಕಿದ್ದರೆ ಲಿಖಿತವಾಗಿ ಕೇಳಬೇಕು. ಆ ವಾರಗಳಲ್ಲಿ ರಾತ್ರಿಯ ಹಣ ಸಾಗಿಸುವ ಬೇರೆ ವ್ಯವಸ್ಥೆ ನಿಮ್ಮಲ್ಲಿರಬೇಕು. ಮದುವೆ ಮೆರವಣಿಗೆಯಲ್ಲಿ ಒಂದು ಗುಂಡು ಹಾರಿಸಿಬಿಡಿ ಎಂದು ಯಾರಾದರೂ ಹುರಿದುಂಬಿಸಿದರೆ, 2019ರಿಂದ ಅದಕ್ಕೇ ಪ್ರತ್ಯೇಕವಾಗಿ ಎರಡು ವರ್ಷದವರೆಗಿನ ಜೈಲು ಅಥವಾ ಒಂದು ಲಕ್ಷದವರೆಗಿನ ದಂಡ, ಇಲ್ಲವೇ ಎರಡೂ ಇವೆ ಎಂದು ತಿಳಿಸಿ. ಪರವಾನಿಗೆ ತಡವಾಗುತ್ತದೆಂದು ಭೀಮಾತೀರದ ಕಡೆಯ ‘ಕಂಟ್ರಿ’ ಪಿಸ್ತೂಲು ತಂದುಕೊಡುವೆ ಎನ್ನುವವರೂ ಸಿಗುತ್ತಾರೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಲೇಥಿನಲ್ಲಿ ಕೊರೆದ ಆ ನಳಿಕೆ ಯಾವ ಗುಂಡಿಗೆ ಸೀಳುತ್ತದೆಂದು ಅದನ್ನು ಮಾಡಿದವನಿಗೂ ಗೊತ್ತಿರುವುದಿಲ್ಲ.

ತರಬೇತಿ ಆಯ್ಕೆಯ ಮಾತಲ್ಲ, 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯನ್ನು ಕಡ್ಡಾಯ ಮಾಡಿವೆ. ನಮ್ಮ ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಅಲ್ಲಿ ಹೆಚ್ಚಾಗಿ ಹಿಡಿಸುವುದು ರೈಫಲನ್ನು, ಆದರೂ ಸೇರಿಕೊಳ್ಳಿ. ನಳಿಕೆಯನ್ನು ಎತ್ತ ತಿರುಗಿಸಬಾರದು, ಬೆರಳನ್ನು ಯಾವಾಗ ಟ್ರಿಗರಿನ ಹೊರಗೆ ಚಾಚಿ ಇಡಬೇಕು ಎಂಬ ಶಿಸ್ತು ರೈಫಲಿಗೂ ರಿವಾಲ್ವರಿಗೂ ಒಂದೇ, ಸದ್ದಿನ ಅಂಜಿಕೆಯೂ ಅಲ್ಲೇ ಅರ್ಧ ಹೋಗುತ್ತದೆ. ಅದರ ಜೊತೆಗೆ ಹತ್ತಿರದ ಶೂಟಿಂಗ್ ಕ್ಲಬ್ಬಿನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಲಿಯಿರಿ. .177 ಬೋರಿನ, 20 ಜೂಲಿಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ಪರವಾನಿಗೆ ಬೇಕಾಗಿಲ್ಲ, ಹೀಗಾಗಿ ಅರ್ಜಿ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಸರಿಯುವ ತಿಂಗಳುಗಳನ್ನು ನೀವು ಗುರಿ ಹಿಡಿಯುವ ಕಣ್ಣಿಗೆ, ಟ್ರಿಗರ್ ಹಿಂಡುವ ಬೆರಳಿಗೆ ಬಳಸಿಕೊಳ್ಳಬಹುದು. ನಿಮ್ಮ ಯಾವ ಕಣ್ಣು ಪ್ರಬಲ ಎಂಬುದನ್ನೂ ಅಲ್ಲಿಯೇ ನೋಡಿಕೊಳ್ಳಿ: ಎರಡೂ ಕೈ ಚಾಚಿ, ಅಂಗೈಗಳ ನಡುವೆ ಚಿಕ್ಕ ಕಿಂಡಿ ಮಾಡಿ, ಅದರೊಳಗಿಂದ ದೂರದ ಸ್ವಿಚ್ಚೊಂದನ್ನು ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಸ್ವಿಚ್ಚು ಮರೆಯಾಗುತ್ತದೋ ಆ ಕಣ್ಣೇ ಪ್ರಬಲ. ಬಲಗೈಯವರಿಗೆ ಎಡಗಣ್ಣು ಪ್ರಬಲವಾಗಿರುವುದು ಅಪರೂಪವೇನಲ್ಲ. ಹಾಗಿದ್ದರೆ ರಿವಾಲ್ವರನ್ನು ತುಸು ಎಡಕ್ಕೆ ತಂದು ಹಿಡಿದರೆ ಸಾಕು, ಆಯುಧ ಬದಲಾಯಿಸಬೇಕಿಲ್ಲ.

ಎಲ್ಲಿ ಇಟ್ಟುಕೊಳ್ಳುವುದು ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿ, ಏಕೆಂದರೆ ಆಯುಧದ ಗಾತ್ರ ಅದರ ಮೇಲೆ ನಿಂತಿದೆ. ಹಣದ ಚೀಲದಲ್ಲಿ ರಿವಾಲ್ವರ್ ಇಡುವುದನ್ನು ನಾನು ಒಪ್ಪುವುದಿಲ್ಲ. ಕಳ್ಳ ಮೊದಲು ಕೈ ಹಾಕುವುದೇ ಆ ಚೀಲಕ್ಕೆ. ಚೀಲದ ಜೊತೆ ರಿವಾಲ್ವರ್ ಹೋದರೆ ನೀವು ಅವನಿಗೆ ಆಯುಧ ಕೊಟ್ಟಂತಾಯಿತು, ಠಾಣೆಗೆ ಓಡಿ ಕಳುವಿನ ದೂರನ್ನೂ ಬರೆಸಬೇಕಾಯಿತು. ಸಾರ್ವಜನಿಕ ಸ್ಥಳದಲ್ಲಿ ಕೈಯಾಯುಧವನ್ನು ಹೋಲ್ಸ್ಟರಿನಲ್ಲಿ (ಆಯುಧದ ಒರೆಯಲ್ಲಿ), ಪೂರ್ತಿ ಮರೆಯಾಗಿ, ನಿಮ್ಮ ಹಿಡಿತದಲ್ಲೇ ಇರುವಂತೆ ಒಯ್ಯಬೇಕೆಂಬುದು ನಿಯಮ. ಚೂಡಿದಾರದ ಉದ್ದ ಕುರ್ತಾದ ಕೆಳಗೆ ಸೊಂಟದ ಬೆಲ್ಟಿಗೆ, ಸೀರೆಯಾದರೆ ಸೆರಗಿನ ಮರೆಗೆ ಬರುವಂತೆ ಎಡ ಪಕ್ಕೆಗೆ ಕಟ್ಟುವ ಹೋಲ್ಸ್ಟರನ್ನು ಚರ್ಮದ ಕೆಲಸದವರಿಂದ ನಿಮ್ಮ ಅಳತೆಗೆ ಹೊಲಿಸಿಕೊಳ್ಳಬಹುದು. ಟ್ರಿಗರ್ ಪೂರ್ತಿ ಮುಚ್ಚುವಷ್ಟು ಗಟ್ಟಿ ಚರ್ಮವಿರಲಿ. ಕಾರಿನಲ್ಲಿ ಕುಳಿತು, ಸೀಟ್ ಬೆಲ್ಟ್ ಹಾಕಿಕೊಂಡು, ಖಾಲಿ ರಿವಾಲ್ವರನ್ನು ಹೊರತೆಗೆದು ನೋಡಿ. ಅಲ್ಲಿ ಸೆರಗೋ ಬೆಲ್ಟೋ ಸಿಕ್ಕಿಕೊಂಡರೆ ನಿಂತಲ್ಲಿ ಮಾಡಿದ ಅಭ್ಯಾಸವೆಲ್ಲ ವ್ಯರ್ಥ.

ಮನೆಯಲ್ಲಿ ಮಾತ್ರ ಅದು ಬೀಗದೊಳಗೇ ಇರಬೇಕು. ರಿವಾಲ್ವರ್ ಒಂದು ಕಡೆ, ತೋಟೆಗಳು ಇನ್ನೊಂದು ಕಡೆ, ಬೀಗದ ಕೈ ನಿಮ್ಮ ಮೈಮೇಲೆ. ಮಕ್ಕಳಿಗೆ ಅಮ್ಮನ ಬಳಿ ಬಂದೂಕಿಲ್ಲ ಎಂದು ಸುಳ್ಳು ಹೇಳಬೇಡಿ, ಗೊತ್ತಾಗದೆ ಇರುವುದಿಲ್ಲ. ಒಮ್ಮೆ ಖಾಲಿ ಮಾಡಿ ತೋರಿಸಿ, ಕುತೂಹಲ ತಣಿಸಿ, ಮುಟ್ಟುವುದು ಅಮ್ಮನಿದ್ದಾಗ ಮಾತ್ರ ಎಂದು ಹೇಳಿ. ಬೀಗ ಹಾಕುವುದು ಇಷ್ಟೆಲ್ಲ ಹೇಳಿದ ಮೇಲೂ ತಪ್ಪಬಾರದು.

ಕಾನೂನು ಎಲ್ಲಿಯವರೆಗೆ ನಿಮ್ಮ ಬೆನ್ನಿಗಿದೆ ಎಂಬುದನ್ನು ತಿಳಿಯದೆ ಆಯುಧ ಹಿಡಿಯುವುದು ಅರ್ಧ ತಯಾರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕಿನವು. ಕೊಲೆ, ತೀವ್ರ ಗಾಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಇಂಥ ಭಯ ಯುಕ್ತವಾಗಿ ಎದುರಾದಾಗ 38ನೆಯ ಕಲಮು ದಾಳಿಕೋರನ ಪ್ರಾಣ ಹೋಗುವಷ್ಟರ ಮಟ್ಟಿಗೂ ಪ್ರತಿರೋಧಕ್ಕೆ ಅವಕಾಶ ಕೊಡುತ್ತದೆ. ದರೋಡೆಗೂ ಅಂಥ ಅವಕಾಶವನ್ನು 41ನೆಯ ಕಲಮು ಕೊಡುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಚೀಲ ಕಸಿದುಕೊಂಡು ಬೆನ್ನು ತಿರುಗಿಸಿ ಓಡುತ್ತಿರುವವನ ಮೇಲೆ ಗುಂಡು ಹಾರಿಸಿದರೆ, ನಿಮ್ಮ ಪ್ರಾಣಕ್ಕೆ ಭಯವಿತ್ತೆಂದು ನ್ಯಾಯಾಲಯಕ್ಕೆ ತೋರಿಸುವುದು ಬಹಳ ಕಷ್ಟ. ಹೋಗುವ ಹಣ ಹೋಗಲಿ, ವಿಮೆ ಮಾಡಿಸಿ. ಹಿಂಬಾಲಿಸುವ ಬೈಕ್ ಕಂಡರೆ ಮನೆಯ ದಾರಿ ಬಿಟ್ಟು ನೇರವಾಗಿ ಠಾಣೆಯ ಎದುರು ಕಾರು ನಿಲ್ಲಿಸಿ, 112ಕ್ಕೆ ಕರೆ ಮಾಡಿ. ರಿವಾಲ್ವರ್ ಹೊರಬರಬೇಕಾದದ್ದು ಇವೆಲ್ಲ ಕೈಕೊಟ್ಟ ಮೇಲೆ, ಹೆದರಿಸುವ ಸಲುವಾಗಿ ತೋರಿಸಲಿಕ್ಕಲ್ಲ. ಪರವಾನಿಗೆ ಬರುವ ತನಕ ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಬಹುದು, ಅದಕ್ಕೆ ಪರವಾನಿಗೆ ಬೇಡ. ಆದರೆ ಜೀವಕ್ಕೆ ತಕ್ಷಣದ ಅಪಾಯವಿಲ್ಲದ ಕಡೆ ಅದನ್ನು ಬಳಸಿದ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2024ರಲ್ಲಿ ಅದನ್ನೂ ಅಪಾಯಕಾರಿ ಆಯುಧವೆಂದೇ ಕಂಡಿತು ಎಂಬುದು ನೆನಪಿರಲಿ.

ಕೊನೆಯದಾಗಿ ನಿರ್ವಹಣೆ. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಚರ್ಮದ ಹೋಲ್ಸ್ಟರಿನೊಳಗೇ ರಿವಾಲ್ವರನ್ನು ತಿಂಗಳಾನುಗಟ್ಟಲೆ ಬಿಟ್ಟರೆ ಚರ್ಮ ಹೀರಿದ ತೇವದಿಂದ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ನಿಮ್ಮ ಎರೆಭೂಮಿಯ ಸೀಮೆಯಲ್ಲಿ ಬೇಸಿಗೆಯ ಧೂಳು ಎಣ್ಣೆಯೊಡನೆ ಸೇರಿ ಕೆಸರಾಗಿ ಸಿಲಿಂಡರಿನ ಸಂದಿಗೆ ಕೂರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಳ್ಳಗೆ ಎಣ್ಣೆ ಒರೆಸಿ, ಬೇಸಿಗೆಯಲ್ಲಿ ಎಣ್ಣೆ ಇನ್ನೂ ಕಡಿಮೆ ಮಾಡಿ ಒಣಬಟ್ಟೆಯಿಂದ ಒರೆಸಿ. ತೋಟೆಗಳಿಗೆ ಮಾತ್ರ ಎಣ್ಣೆ ಸೋಕಿಸಬೇಡಿ, ಅದು ಟೋಪಿಯೊಳಗೆ ಇಳಿದು ಹುಸಿಯಾಗಿಸುತ್ತದೆ. ಬಳಿಯಲ್ಲಿ ಒಯ್ಯುವ ಆರು ತೋಟೆಗಳನ್ನು ವರ್ಷಕ್ಕೊಮ್ಮೆ ಅಭ್ಯಾಸದ ಅಂಗಳದಲ್ಲಿ ಹಾರಿಸಿ ಮುಗಿಸಿ, ಅವುಗಳ ಜಾಗಕ್ಕೆ ಹೊಸ ಪೆಟ್ಟಿಗೆಯಿಂದ ಆರು ತುಂಬಿಕೊಳ್ಳಿ. ವರ್ಷಕ್ಕೆ ಎಷ್ಟು ತೋಟೆ ಕೊಳ್ಳಬಹುದೆಂಬ ಮಿತಿ ನಿಮ್ಮ ಪರವಾನಿಗೆಯಲ್ಲೇ ಬರೆದಿರುತ್ತದೆ, ಅಭ್ಯಾಸಕ್ಕೆಷ್ಟು, ಬಳಿಯಲ್ಲಿ ಇರಿಸಿಕೊಳ್ಳಲೆಷ್ಟು ಎಂಬುದನ್ನು ಆ ಮಿತಿಯೊಳಗೇ ಮೊದಲು ಲೆಕ್ಕ ಹಾಕಿಕೊಂಡು ಅಂಗಡಿಗೆ ಹೋಗಿ.